ಸಂಜೆ ನನ್ನನ್ನು ಕಂಡ ಕೂಡಲೇ ಮಗು ಯಾಕೆ ಅಳುತ್ತಾಳೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ತಿಂಗಳು. ಸುಂಟಿಕೊಪ್ಪದ ಹತ್ತಿರ ತೋಟದ ಕೆಲಸ. ಈಗ ಕಾಫಿ ಕುಯ್ಲು, ಬೆಳಿಗ್ಗೆ ಹೋದರೆ ಬರುವಾಗ ಸಂಜೆ ಐದು ದಾಟುತ್ತದೆ. ಮಗು ಅತ್ತೆಯ ಹತ್ತಿರ ಇರುತ್ತಾಳೆ. ಹಗಲೆಲ್ಲ ಆಡಿಕೊಂಡು ಚೆನ್ನಾಗಿರುತ್ತಾಳಂತೆ. ನನ್ನನ್ನು ಕಂಡ ಕೂಡಲೇ ಜೋರಾಗಿ ಅಳು. "ಮಗು ನಿನ್ನನ್ನು ಮರೆತೇಬಿಟ್ಟಿದೆ" ಅನ್ನುತ್ತಾರೆ ನೆಂಟರು. ನಿಜವೇ?

ನಿಜವಲ್ಲ. ಆದರೆ ನನ್ನ ಮಾತನ್ನು ಸುಮ್ಮನೆ ನಂಬಬೇಡಿ, ನೀವೇ ನೋಡಿ. ಈ ವಯಸ್ಸಿನ ಮಗು ಗುರುತಿಲ್ಲದವರನ್ನು ಕಂಡೂ ಅಳುತ್ತದೆ, ಅತ್ತು ಅಜ್ಜಿಯ ಸೆರಗಿಗೆ ಮುಖ ಒತ್ತುತ್ತದೆ. ನಿಮ್ಮನ್ನು ಕಂಡು ಅತ್ತಾಗ ನಿಮ್ಮ ಮಗಳು ಕೈ ಚಾಚುವುದು ಯಾರ ಕಡೆಗೆ?

ತೋಟದ ಕೆಲಸಗಾರರ ಒಂದು ಲೈನ್ ಮನೆಯ ಜಗಲಿಯಲ್ಲಿ ಇಂಥದ್ದೇ ಸಂಜೆಯೊಂದನ್ನು ನಾನು ಕೂತು ನೋಡಿದ್ದೇನೆ. ತಾಯಿ ಚೀಲ ಇಳಿಸಿ ಬಂದಳು. ಕಾಫಿ ಹಣ್ಣಿನ ರಸಕ್ಕೆ ಬೆರಳೆಲ್ಲ ಅಂಟು, ಕಪ್ಪು ಕಲೆ. ಚಾಪೆಯ ಮೇಲಿದ್ದ ಮಗು ಮೊದಲು ನೋಡಿತು, ಕೆಳತುಟಿ ಮುಂದೆ ಬಂತು, ಆಮೇಲೆ ಅಳು. ಎತ್ತಿಕೊಂಡರೂ ನಿಲ್ಲಲಿಲ್ಲ. ಅವಳ ಕತ್ತಿನಲ್ಲಿ ಮುಖ ಹುದುಗಿಸಿ, ರವಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಬಿಕ್ಕಿತು. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ಸಣ್ಣದಾಯಿತು, ತಲೆ ಎತ್ತಿ ಅಂಗಳದ ನಾಯಿಯನ್ನು ನೋಡಿತು. ಮುಷ್ಟಿ ಮಾತ್ರ ಬಿಟ್ಟಿರಲಿಲ್ಲ. ಹಗಲೆಲ್ಲ ತಡೆದುಕೊಂಡದ್ದನ್ನು ಎಲ್ಲಿ ಇಳಿಸಬೇಕು ಎಂದು ಆ ಮಗುವಿಗೆ ಗೊತ್ತಿತ್ತು. ಮಗು ಅಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಯಾರ ಮಡಿಲಲ್ಲಿ ಸಮಾಧಾನವಾಗುತ್ತದೆ ಎಂಬುದನ್ನು ನೋಡಬೇಕು.

ನಂಟು ಒಂದೇ ದಿನಕ್ಕೆ ಬೆಸೆಯುವುದಿಲ್ಲ. ಹೊಟ್ಟೆಯಲ್ಲಿದ್ದಾಗಲೇ ಕೇಳಿದ ತಾಯಿಯ ದನಿಯನ್ನು ಹುಟ್ಟಿದ ಕೂಸು ಗುರುತಿಸುತ್ತದೆ. ಮೊದಮೊದಲು ಅದಕ್ಕೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟೇ ದೂರ. ಮೊದಲ ಎರಡು ಮೂರು ತಿಂಗಳು ಯಾರು ಎತ್ತಿಕೊಂಡರೂ ಆದೀತು. ಆರೇಳು ತಿಂಗಳ ಹೊತ್ತಿಗೆ 'ಇವರು ನನ್ನವರು' ಎಂಬ ಆಯ್ಕೆ ಗಟ್ಟಿಯಾಗುತ್ತದೆ. ಅದೇ ಸುಮಾರಿಗೆ ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂದು ತಿಳಿಯತೊಡಗುತ್ತದೆ. ಅಮ್ಮ ಇದ್ದಾಳೆ, ಇಲ್ಲಿ ಮಾತ್ರ ಇಲ್ಲ! ನಿಮ್ಮ ಮಗಳಿಗೆ ಈ ತಿಳಿವು ಬರುವುದಕ್ಕೂ ಕುಯ್ಲು ಶುರುವಾಗುವುದಕ್ಕೂ ಸರಿಹೋಗಿದೆ.

ಹಾಲು, ಅನ್ನ ಕೊಟ್ಟವರಿಗೇ ಮಗು ಒಲಿಯುತ್ತದೆ ಎಂದು ಹಿಂದೆ ವಿಜ್ಞಾನಿಗಳೂ ನಂಬಿದ್ದರು. 1958ರಲ್ಲಿ ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಮಂಗನ ಮರಿಗಳ ಮೇಲೆ ನಡೆಸಿದ ಪ್ರಯೋಗದ ವಿವರ ಪ್ರಕಟಿಸಿದರು. ಮರಿಗಳಿಗೆ ತಾಯಿಯ ಬದಲು ತಂತಿಯದೊಂದು, ಬಟ್ಟೆಯದೊಂದು ಗೊಂಬೆ ಇಟ್ಟಿದ್ದರು. ತಂತಿಯ ಗೊಂಬೆಯಲ್ಲಿ ಹಾಲಿನ ಬಾಟಲಿ ಇದ್ದರೂ ಮರಿಗಳು ಹೆಚ್ಚು ಹೊತ್ತು ಅಪ್ಪಿಕೊಂಡಿದ್ದು ಮೆತ್ತನೆ ಬಟ್ಟೆಯ ಗೊಂಬೆಯನ್ನು. ತಾಯಿಯಿಂದ ಬೇರ್ಪಡಿಸಿದ ಆ ಮರಿಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ಮನೆಗೇ ಹೋಗಿ ಗಮನಿಸಿದ ಷಾಫರ್ ಮತ್ತು ಎಮರ್ಸನ್ ಎಂಬ ಸಂಶೋಧಕರ ವರದಿ ಬಂತು. ನಿಮಗೆ ಬೇಕಾದ ಮಾತು ಅದರಲ್ಲಿದೆ. ಹೆಚ್ಚು ಗಂಟೆ ಜೊತೆಗಿದ್ದವರಿಗಿಂತ, ಅತ್ತಾಗ, ಕೂಗಿದಾಗ, ನಕ್ಕಾಗ ಓಗೊಟ್ಟವರನ್ನು ಕೂಸುಗಳು ಹೆಚ್ಚು ಹಚ್ಚಿಕೊಂಡಿದ್ದವು. ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಒಬ್ಬರಲ್ಲ, ಇಬ್ಬರು ಮೂವರು 'ನನ್ನವರು' ಇದ್ದರು. ಆದ್ದರಿಂದ ಅಜ್ಜಿಗೆ ಕೊಟ್ಟ ಪ್ರೀತಿಯನ್ನು ನಿಮ್ಮ ಪಾಲಿನಿಂದ ಕಳೆಯಬೇಡಿ. ಕಳೆಯುವ ಲೆಕ್ಕ ಮಗುವಿನ ಹತ್ತಿರ ಇಲ್ಲ.

ಮನೆಯಲ್ಲಿ ಒಂದೆರಡು ಬದಲಾವಣೆ ಮಾಡಿ ನೋಡಿ. ಬೆಳಿಗ್ಗೆ ಕಣ್ಣು ತಪ್ಪಿಸಿ ಹೊರಡಬೇಡಿ. ಅತ್ತರೂ ಪರವಾಗಿಲ್ಲ, ಮುಖ ತೋರಿಸಿ, ದಿನವೂ ಒಂದೇ ಮಾತು ಹೇಳಿ: "ಹೋಗಿ ಬರ್ತೇನೆ ಕಂದ." ಹೇಳದೆ ಮಾಯವಾಗುವ ಅಮ್ಮನನ್ನು ಮಗು ಇಡೀ ದಿನ ಕಾಯಬೇಕಾಗುತ್ತದೆ. ಸಂಜೆ ಬಂದವರು ಕೈ ತೊಳೆದು ಮೊದಲು ಮಗಳನ್ನು ಎತ್ತಿಕೊಂಡು ಕೂತುಬಿಡಿ. ಒಲೆ, ಪಾತ್ರೆ ಕಾಲು ಗಂಟೆ ಕಾಯಲಿ. ಅದು ಕಾಯುವಂತೆ ಮನೆಯ ಗಂಡಸರೂ ನೋಡಿಕೊಳ್ಳಲಿ, ಇದನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಅತ್ತೆಯವರಿಗೆ ನಯವಾಗಿ ಒಂದು ಮಾತು ಹೇಳಿ: "ನಿನ್ನಮ್ಮ ಬೇಡ, ನಾನೇ ಅಮ್ಮ" ಎಂದು ಮಗುವನ್ನು ಚುಡಾಯಿಸುವುದು ಬೇಡ. ಪ್ರೀತಿಯಿಂದ ಅಂದರೂ ಕೇಳುವ ತಾಯಿಗೆ ಚುಚ್ಚುತ್ತದೆ.

ಮಗು ಯಾರ ಮುಖವನ್ನೂ ನೋಡದಿದ್ದರೆ, ನಗದಿದ್ದರೆ, ಸದ್ದಿಗೆ ತಿರುಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮಗೇ ಮನಸ್ಸು ಭಾರವಾಗಿ, ಮಗುವನ್ನು ಎತ್ತಿಕೊಳ್ಳುವುದೂ ಬೇಡ ಅನಿಸುತ್ತಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಅನೇಕ ತಾಯಂದಿರಿಗೆ ಹೀಗಾಗುತ್ತದೆ, ಚಿಕಿತ್ಸೆಯೂ ಇದೆ.

ಈ ಅಳು ಕುಯ್ಲಿನ ಜೊತೆಗೇ ಮುಗಿಯಲಿಕ್ಕಿಲ್ಲ. ಕುಯ್ಲು ಮುಗಿದ ಮೇಲೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಇನ್ನಷ್ಟು ಜೋರಾದರೂ ಹೆದರಬೇಡಿ. ಸಾಮಾನ್ಯವಾಗಿ ಒಂದೂವರೆ ವರ್ಷದವರೆಗೆ ಏರಿ ಆಮೇಲೆ ಇಳಿಯುತ್ತದೆ. ಮುಂದಿನ ಕುಯ್ಲಿಗೆ ನಿಮ್ಮ ಮಗಳು ಅಜ್ಜಿಯ ಬೆರಳು ಹಿಡಿದು, ಗೇಟಿನವರೆಗೆ ನಡೆದು ಬಂದು ಟಾಟಾ ಮಾಡುವ ವಯಸ್ಸಿನವಳಾಗಿರುತ್ತಾಳೆ.