ಎಣ್ಣೆ-ನೀರಲ್ಲಿ ಬೆರೆತ ಕಿಣ್ವ ಮತ್ತೆ ಕೈಗೆ ಸಿಗುತ್ತಾ?

ಓದುಗರ ಪ್ರಶ್ನೆ: ಕಿಣ್ವ ದುಬಾರಿ ಅಂತೀರಿ. ಎಣ್ಣೆ, ನೀರು, ಪ್ರೋಟೀನು ಎಲ್ಲ ಕಲಕಿ ಎಮಲ್ಷನ್ ಮಾಡಿದ ಮೇಲೆ ಅದರೊಳಗಿನ ಕಿಣ್ವವನ್ನು ಮತ್ತೆ ಬಳಸಬಹುದಾ?

ಬಳಸಬಹುದು. ಆದರೆ ಅಷ್ಟೆಲ್ಲ ಕಲಕುವುದಾದರೂ ಯಾಕೆ? ಲೈಪೇಸ್ ಕಿಣ್ವ ಇರುವುದು ನೀರಲ್ಲಿ, ಅದು ಒಡೆಯಬೇಕಾದ ಕೊಬ್ಬು ಎಣ್ಣೆಯಲ್ಲಿ. ಇಬ್ಬರ ಭೇಟಿ ಗಡಿಯಲ್ಲಿ ಮಾತ್ರ. ಸಾಲದ್ದಕ್ಕೆ, ಹಲವು ಲೈಪೇಸ್‌ಗಳ ಬಾಯಿಗೆ ಪುಟ್ಟ ಮುಚ್ಚಳವಿದೆ. ಎಣ್ಣೆಯ ಅಂಚು ಸಿಕ್ಕಾಗಲೇ ಅದು ಚೆನ್ನಾಗಿ ತೆರೆದುಕೊಳ್ಳುವುದು. ಹಾಗಾಗಿ ಗಡಿ ಜಾಸ್ತಿಯಾದಷ್ಟೂ ಒಳ್ಳೆಯದು. 1 ಮಿಲಿಲೀಟರ್ ಎಣ್ಣೆ ಒಂದೇ ಗುಂಡು ಹನಿಯಾಗಿದ್ದರೆ ಅದರ ಮೈ ಸುಮಾರು 5 ಚದರ ಸೆಂಟಿಮೀಟರ್. ಅದನ್ನೇ 10 ಮೈಕ್ರೋಮೀಟರ್ ಅಗಲದ ಹನಿಗಳಾಗಿ ಒಡೆದರೆ 6,000!

ಸುಮ್ನೆ ಕಲಕಿದರೆ ಹನಿಗಳು ಮತ್ತೆ ಒಂದಾಗಿಬಿಡುತ್ತವೆ. ಸೋಪಿನಂಥದ್ದು ಹಾಕಿದರೆ ಒಂದಾಗುವುದಿಲ್ಲ, ನಿಜ. ಆದರೆ ಆಮೇಲೆ ಬೇರ್ಪಡಿಸುವುದೇ ತಲೆನೋವು, ಕೆಲವು ಸೋಪುಗಳಂತೂ ಕಿಣ್ವವನ್ನೇ ಕೆಡಿಸುತ್ತವೆ. ಅದರ ಬದಲು ಪ್ರೋಟೀನ್ ಕಣಗಳನ್ನು ಹಾಕಿದರೆ ಅವು ಹನಿಯ ಸುತ್ತ ಗಟ್ಟಿ ಪೊರೆಯಾಗಿ ಕೂರುತ್ತವೆ. ಕಣಗಳಿಂದ ನಿಲ್ಲುವ ಇಂಥ ಎಮಲ್ಷನ್ ಬಗ್ಗೆ ವಿಜ್ಞಾನಿ ರಾಮ್ಸ್‌ಡೆನ್ 1903ರಲ್ಲೇ ಬರೆದಿದ್ದರು. ಹೆಸರು ಮಾತ್ರ 1907ರಲ್ಲಿ ಬರೆದ ಪಿಕರಿಂಗ್ ಅವರಿಗೆ ಹೋಯಿತು, ಪಾಪ.

ಈಗ ನಿಮ್ಮ ಪ್ರಶ್ನೆಗೆ. ಹಾಲಿನ ಪ್ರೋಟೀನ್ ಕೇಸೀನ್ ತಗೊಳ್ಳಿ. ಪಿಎಚ್ (ಹುಳಿ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ) 7ರ ಹತ್ತಿರ ಅದರ ಮೇಲೆ ಋಣ ವಿದ್ಯುದಂಶ ಇರುತ್ತದೆ. ಹನಿಗಳು ಒಂದನ್ನೊಂದು ತಳ್ಳುತ್ತವೆ, ಎಮಲ್ಷನ್ ನಿಲ್ಲುತ್ತದೆ. ಸ್ವಲ್ಪ ಆಮ್ಲ ಹಾಕಿ 4.6ಕ್ಕೆ ಇಳಿಸಿದರೆ ಆ ತಳ್ಳಾಟವೇ ನಿಂತುಹೋಗುತ್ತದೆ. ಹಾಲು ಒಡೆದಂತೆ ಕೇಸೀನ್ ಗಂಟು ಕಟ್ಟುತ್ತದೆ, ಎಣ್ಣೆ ಬೇರೆಯಾಗುತ್ತದೆ. ಎಣ್ಣೆಯಲ್ಲಿ ಕರಗುವ ಉತ್ಪನ್ನವನ್ನು ಅದರ ಜೊತೆಗೇ ತೆಗೆದು, ಕಿಣ್ವ ಉಳಿದ ಭಾಗದ ಪಿಎಚ್ ಏರಿಸಿ, ಹೊಸ ಎಣ್ಣೆ ಸೇರಿಸಿ ಮತ್ತೆ ಕಲಕಿದರಾಯಿತು. ಕಿಣ್ವ ಮಾತ್ರ ಆ ಹುಳಿಯನ್ನು ತಾಳಿಕೊಳ್ಳಬೇಕು.

ನನಗೆ ಹೆಚ್ಚು ಇಷ್ಟವಾಗುವುದು ತಿರುಗುಮುರುಗು ದಾರಿ: ಎಣ್ಣೆಯೊಳಗೆ ನೀರಿನ ಹನಿ, ಹನಿಯೊಳಗೆ ಕಿಣ್ವ. ನೀರು ಭಾರ ಅಲ್ವಾ, ಹನಿಗಳು ತಾವೇ ತಳಕ್ಕೆ ಇಳಿಯುತ್ತವೆ. ಮೇಲಿನ ಎಣ್ಣೆ ಬಸಿದು ಹೊಸದು ಸುರಿದರೆ ಸಾಕು, ಎಮಲ್ಷನ್ ಒಡೆಯುವ ಗೋಜೇ ಇಲ್ಲ. ಇದಕ್ಕೆ ಎಣ್ಣೆಯ ಕಡೆ ಒಲವಿರುವ ಕಣಗಳು ಬೇಕು. ಪ್ರೋಟೀನನ್ನು ಹಾಗೆ ಮಾರ್ಪಡಿಸುವುದೇ ಇಲ್ಲಿನ ಕಷ್ಟದ ಕೆಲಸ.

"ಹತ್ತು ಸಲ ಬಳಸಿದೆವು" ಅಂತ ಯಾರಾದರೂ ಹೇಳಿದರೆ, ಹತ್ತನೇ ಸಲ ಕಿಣ್ವದ ಕಸುವು ಎಷ್ಟು ಉಳಿದಿತ್ತು ಅಂತ ಕೇಳಿ. ಕಿಣ್ವ ಸೋರುತ್ತದೆ, ಹನಿಗಳು ದೊಡ್ಡದಾಗುತ್ತವೆ. ಪಿಎಚ್ ದಾರಿಯಲ್ಲಂತೂ ಪ್ರತಿ ಸುತ್ತಿಗೂ ಆಮ್ಲ, ಕ್ಷಾರ ಸೇರಿ ಉಪ್ಪು ಉಳಿಯುತ್ತದೆ. ಆ ಉಪ್ಪು ಹೆಚ್ಚಿದಂತೆ ಹನಿಗಳ ತಳ್ಳಾಟ ಸಡಿಲವಾಗುತ್ತದೆ.