ಕಾಲಿಗೆ ತಾನೇ ಗುಂಡು ಬಿದ್ದಿದ್ದು?

‘ಪೊಲೀಸರ ಮೇಲೆ ಹಲ್ಲೆ: ಆರೋಪಿ ಕಾಲಿಗೆ ಗುಂಡು.’ ಕರ್ನಾಟಕದಲ್ಲಿ ಪೇಪರ್ ಓದುವವರಿಗೆ ಈ ತಲೆಬರಹ ಹೊಸದಲ್ಲ. ಸ್ಥಳ ಮಹಜರಿಗೆ ಕರೆದೊಯ್ದಾಗ ಓಡಲು ನೋಡಿದ, ಗಾಳಿಯಲ್ಲಿ ಒಂದು ಗುಂಡು ಹಾರಿಸಿದರು, ಕೇಳಲಿಲ್ಲ, ಕಾಲಿಗೆ ಒಂದು. ಆಸ್ಪತ್ರೆಗೆ ದಾಖಲು. ಇಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಆಮೇಲಿನದು ನಮ್ಮಂಥ ಸರ್ಜನ್‌ಗಳ ಪಾಲಿಗೆ.

ವಾರ್ಡಿನ ಹೊರಗೆ ನಿಂತ ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಕಾಲಿಗೆ ತಾನೇ ಡಾಕ್ಟ್ರೇ, ಜೀವಕ್ಕೇನೂ ತೊಂದ್ರೆ ಇಲ್ಲ ಅಲ್ವಾ?’ ಕೊಡಗು, ಮಲೆನಾಡಿನ ಕಡೆ ಮನೆಯಲ್ಲಿ ಕೋವಿ ಇಟ್ಟುಕೊಂಡವರೂ ಇದನ್ನೇ ಬೇರೆ ಥರ ಕೇಳುತ್ತಾರೆ. ಕಳ್ಳ ನುಗ್ಗಿದರೆ ಕಾಲಿಗೆ ಹೊಡೆದರಾಯಿತು, ಬೀಳುತ್ತಾನೆ, ಸಾಯುವುದಿಲ್ಲ ಎಂಬ ಲೆಕ್ಕ. ಈ ಲೆಕ್ಕ ಎರಡೂ ಕಡೆ ತಪ್ಪು. ಅವನು ಬೀಳದೇ ಇರಬಹುದು. ಸಾಯಲೂಬಹುದು.

ತೊಡೆಸಂದಿನ ಮಡಿಕೆಯ ನಡುಭಾಗದಲ್ಲಿ ಎರಡು ಬೆರಳು ಒತ್ತಿ ನೋಡಿ. ಡಬ್ ಡಬ್ ಅಂತ ಬಡಿಯುತ್ತದಲ್ಲ, ಅದು ಫೆಮೊರಲ್ ಅಪಧಮನಿ. ಇಡೀ ಕಾಲಿಗೆ ರಕ್ತ ಒಯ್ಯುವ ಮುಖ್ಯ ಕೊಳವೆ. ಗಾತ್ರ ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಅದರ ಪಕ್ಕದಲ್ಲೇ ರಕ್ತ ವಾಪಸ್ ತರುವ ದೊಡ್ಡ ಅಭಿಧಮನಿ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಈ ಅಪಧಮನಿ ಹರಿದು, ಯಾರೂ ಒತ್ತಿ ಹಿಡಿಯದಿದ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಅಷ್ಟರಲ್ಲಿ ಆಂಬುಲೆನ್ಸ್ ಬಂದಿರುವುದೂ ಇಲ್ಲ.

ಅಪಧಮನಿ ತಪ್ಪಿ ಮೂಳೆಗೆ ಬಿತ್ತು ಅನ್ನಿ. ತೊಡೆಮೂಳೆ ನಮ್ಮ ದೇಹದಲ್ಲೇ ಉದ್ದದ ಮೂಳೆ. ಗುಂಡು ಬಿದ್ದರೆ ಸಾಮಾನ್ಯವಾಗಿ ಬರೀ ಎರಡು ತುಂಡಾಗುವುದಿಲ್ಲ, ಚೂರುಚೂರಾಗುತ್ತದೆ. ಆ ಚೂರುಗಳೂ ಸುತ್ತಲಿನ ಮಾಂಸ, ನರಗಳನ್ನು ಸೀಳುತ್ತವೆ. ಈ ಮುರಿತ ಒಂದರಿಂದಲೇ ಲೀಟರಿಗೂ ಜಾಸ್ತಿ ರಕ್ತ ತೊಡೆಯೊಳಗೇ ತುಂಬಿಕೊಳ್ಳಬಹುದು. ಹೊರಗೆ ಬಟ್ಟೆ ಮೇಲೆ ಕಾಣುವುದು ಅಂಗೈಯಗಲದ ಕಲೆ ಅಷ್ಟೇ.

ನನಗೆ ತೊಡೆಗಿಂತ ಹೆದರಿಕೆ ಮಂಡಿಯ ಹಿಂಭಾಗದ್ದು. ಅಲ್ಲಿ ಪಾಪ್ಲಿಟಿಯಲ್ ಅಪಧಮನಿ ಮೂಳೆಗೆ ಅಂಟಿಕೊಂಡ ಹಾಗೆ ಹೋಗುತ್ತದೆ. ಅದು ಕಡಿದರೆ ಪಾದಕ್ಕೆ ರಕ್ತ ಹೋಗಲು ಸಾಕಷ್ಟು ಬೇರೆ ದಾರಿಯಿಲ್ಲ. 6 ಗಂಟೆಯೊಳಗೆ ಸರಿಪಡಿಸದಿದ್ದರೆ ಕಾಲು ಉಳಿಯುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಸರಿಪಡಿಸುವುದು ಅಂದರೆ ಸುಮ್ನೆ ಹೊಲಿಗೆ ಹಾಕುವುದಲ್ಲ. ಇನ್ನೊಂದು ಕಾಲಿನ ಚರ್ಮದ ಕೆಳಗಿರುವ ಉದ್ದನೆಯ ಅಭಿಧಮನಿಯ ಒಂದು ತುಂಡನ್ನು ಬಿಡಿಸಿ ತೆಗೆಯಬೇಕು. ಅದನ್ನು ತಲೆಕೆಳಗು ಮಾಡಿ ಕೂರಿಸಬೇಕು. ಯಾಕೆ ಅಂದರೆ ಅದರೊಳಗೆ ಕವಾಟಗಳಿವೆ, ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಇದ್ದ ಹಾಗೇ ಜೋಡಿಸಿದರೆ ರಕ್ತ ಅಲ್ಲೇ ನಿಲ್ಲುತ್ತದೆ. ಕೂದಲೆಳೆಯಂಥ ತೆಳು ದಾರ, ಕನ್ನಡಕಕ್ಕೆ ಸಿಕ್ಕಿಸಿದ ಭೂತಗನ್ನಡಿ, ಒಂದೊಂದೇ ಹೊಲಿಗೆ. ರಕ್ತನಾಳ ಅದುಮಿ ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಬಿಳಿಚಿದ್ದ ಪಾದ ಕೆಂಪಗಾದರೆ ಅರ್ಧ ಗೆದ್ದಂತೆ. ಇನ್ನರ್ಧ ಆಮೇಲಿನ ಬಾವಿನದು. ಎಷ್ಟೋ ಸಲ ಒಳಗಿನ ಒತ್ತಡ ಇಳಿಸಲು ಮೀನಖಂಡವನ್ನು ಉದ್ದಕ್ಕೆ ಸೀಳಿ, ದಿನಗಟ್ಟಲೆ ತೆರೆದೇ ಇಡಬೇಕಾಗುತ್ತದೆ.

ಇನ್ನು ‘ಹೊಡೆದರೆ ಬೀಳುತ್ತಾನೆ’ ಅನ್ನುವ ಮಾತು. ಸಿನಿಮಾದಲ್ಲಿ ಗುಂಡು ಬಿದ್ದವನು ಹಿಂದಕ್ಕೆ ಹಾರಿ ಬೀಳುತ್ತಾನೆ. ನಿಜವಾಗಿ ಪಿಸ್ತೂಲಿನ ಗುಂಡಿಗೆ ಮನುಷ್ಯನನ್ನು ನೂಕಿ ಎಸೆಯುವ ಬಲ ಇಲ್ಲ. ಎಷ್ಟೋ ಜನಕ್ಕೆ ತಮಗೆ ಗುಂಡು ಬಿದ್ದಿದ್ದೇ ಗೊತ್ತಾಗುವುದಿಲ್ಲ. 1981ರ ಮಾರ್ಚ್ 30ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರಿಗೆ ಆಗಿದ್ದು ಅದೇ. ಗುಂಡು ಕಾರಿಗೆ ಬಡಿದು ಸಿಡಿದು, ಎಡ ಕಂಕುಳಿನ ಕೆಳಗೆ ಹೊಕ್ಕಿತ್ತು. ಅಂಗರಕ್ಷಕ ತನ್ನನ್ನು ಕಾರಿನೊಳಗೆ ತಳ್ಳಿದಾಗ ಪಕ್ಕೆಲುಬು ಮುರಿದಿರಬೇಕು ಅಂತಲೇ ರೇಗನ್ ಅಂದುಕೊಂಡಿದ್ದರು. ಬಾಯಲ್ಲಿ ರಕ್ತ ಕಂಡಾಗ ಕಾರು ಆಸ್ಪತ್ರೆಯ ಕಡೆ ತಿರುಗಿತು. ನಡೆದುಕೊಂಡೇ ಒಳಗೆ ಹೋದರು, ಅಲ್ಲಿ ಕುಸಿದರು. ಗುಂಡು ಶ್ವಾಸಕೋಶದಲ್ಲಿ, ಹೃದಯಕ್ಕೆ ಸುಮಾರು ಒಂದು ಇಂಚು ದೂರದಲ್ಲಿತ್ತು. ಆಗ ಅವರಿಗೆ 70 ವರ್ಷ.

ಅವರದು ಬದುಕಿದ ಕಥೆ. ಕೆಟ್ಟ ಉದಾಹರಣೆ 1986ರ ಏಪ್ರಿಲ್ 11ರ ಮಯಾಮಿಯದು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಎಂಟು ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ಆ ದರೋಡೆಕೋರರಲ್ಲಿ ಒಬ್ಬನಿಗೆ ಶುರುವಿನಲ್ಲೇ ತೋಳು ತೂರಿ ಎದೆಗೆ ಗುಂಡು ಹೊಕ್ಕಿತು. ಶ್ವಾಸಕೋಶ ಕುಸಿಯಿತು. ಮರಣೋತ್ತರ ಪರೀಕ್ಷೆ ನೋಡಿದರೆ ಅದೊಂದೇ ಗಾಯ ಅವನನ್ನು ಕೊಲ್ಲಲು ಸಾಕಿತ್ತು. ಆದರೂ ಅವನು ನಿಲ್ಲಲಿಲ್ಲ. ನಿಮಿಷಗಟ್ಟಲೆ ಗುಂಡು ಹಾರಿಸುತ್ತಲೇ ಇದ್ದ, ಇಬ್ಬರು ಏಜೆಂಟರು ಸತ್ತರು. ಅವನ ರಕ್ತದಲ್ಲಿ ಯಾವ ಮಾದಕ ವಸ್ತುವೂ ಇರಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ಹೃದಯವೇ ನಿಂತರೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ 10ರಿಂದ 15 ಸೆಕೆಂಡ್ ಕೈಕಾಲು ಆಡಿಸಲು ಸಾಕು. ಅಷ್ಟರಲ್ಲಿ ಏನೆಲ್ಲ ಮಾಡಬಹುದು, ಸುಮ್ನೆ ಎಣಿಸಿ ನೋಡಿ. ಕಾಲಿಗೆ ಬಿದ್ದರಂತೂ ಕೈ ಪೂರ್ತಿ ಕೆಲಸ ಮಾಡುತ್ತಿರುತ್ತದೆ. ಅಡ್ರಿನಲಿನ್ ಏರಿದಾಗ ನೋವು ತಕ್ಷಣ ಗೊತ್ತಾಗುವುದೂ ಇಲ್ಲ. ಜೊತೆಗೆ ಓಡುವವನ ಕಾಲು ಸಣ್ಣದು, ಒಂದು ಕಡೆ ನಿಲ್ಲುವುದೂ ಇಲ್ಲ. ತಪ್ಪಿದ ಗುಂಡು ಟಾರು, ಸಿಮೆಂಟಿಗೆ ಬಡಿದು ಇನ್ನೆತ್ತಲೋ ಸಿಡಿಯುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ನೇರ: ಗಾಯ ನೋಡುವವರ ಲೆಕ್ಕದಲ್ಲಿ ‘ಕಾಲಿಗೆ ಮಾತ್ರ’ ಅನ್ನುವ ಸಣ್ಣ ಗುಂಡೇಟು ಇಲ್ಲ. ಹಾರಿಸಿದ ಪ್ರತಿ ಗುಂಡೂ ಪ್ರಾಣ ತೆಗೆಯಬಲ್ಲದ್ದೇ. ಎದುರಿನವನ ಪ್ರಾಣ ತೆಗೆಯುವುದು ಅನಿವಾರ್ಯ ಆಗುವಷ್ಟು ದೊಡ್ಡ ಅಪಾಯ ನಮಗೆ ಇಲ್ಲ ಅಂದರೆ ಅವನ ಕಾಲಿಗೂ ಹೊಡೆಯುವಂತಿಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಹಳೆಯ ಐಪಿಸಿಯಲ್ಲಿ 96ರಿಂದ 106. ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡಬಾರದು ಎಂದು 37ನೇ ಸೆಕ್ಷನ್ ಹೇಳುತ್ತದೆ. ಓಡಿಹೋಗುತ್ತಿರುವ ಕಾಫಿ ಕಳ್ಳನ ಕಾಲಿಗೆ ಹೊಡೆದು ‘ಸಾಯಿಸಬೇಕು ಅಂತ ಇರಲಿಲ್ಲ’ ಅಂದರೆ ಅಷ್ಟಕ್ಕೇ ಬಚಾವಾಗುವುದಿಲ್ಲ. ಪೊಲೀಸರಿಗೂ 2014ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಎನ್‌ಕೌಂಟರ್‌ನಲ್ಲಿ ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಬೇಕು. ಮ್ಯಾಜಿಸ್ಟ್ರೇಟ್ ಅಥವಾ ವೈದ್ಯರು ಅವನ ಹೇಳಿಕೆ ದಾಖಲಿಸಬೇಕು.

ಯಾರಿಗೆ, ಯಾಕೆ ಗುಂಡು ಬಿತ್ತು ಅನ್ನುವ ತಕರಾರು ಆಮೇಲೆ. ಮೊದಲು, ಕೋವಿ ಇನ್ನು ಯಾರ ಕೈಯಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಮೈಭಾರ ಹಾಕಿ ಒತ್ತಿ. ಆಗಾಗ ಎತ್ತಿ ನೋಡಬೇಡಿ. 108ಕ್ಕೆ ಫೋನ್ ಮಾಡಿ. ಒತ್ತಿದರೂ ರಕ್ತ ಚಿಮ್ಮುತ್ತಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ, ಮಂಡಿ ಬಿಟ್ಟು, ಅಗಲವಾದ ಬಟ್ಟೆ ಕಟ್ಟಿ. ಅದಕ್ಕೆ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ. ತೆಳು ಹಗ್ಗ, ವೈರ್ ಬೇಡ, ಚರ್ಮ ಕೊಯ್ಯುತ್ತವೆ. ಕಟ್ಟಿದ ಸಮಯವನ್ನು ಅವನ ಹಣೆ ಮೇಲಾದರೂ ಬರೆಯಿರಿ. ಆ 6 ಗಂಟೆಯ ಲೆಕ್ಕ ನಮಗೆ ಅಲ್ಲಿಂದ ಸಿಗುತ್ತದೆ.

ಆಪರೇಷನ್ ಮುಗಿದ ಮೇಲೆ ಮನೆಯವರು ಗುಂಡು ಎಲ್ಲಿ ಅಂತ ಕೇಳುತ್ತಾರೆ. ಒಳಗೇ ಇದೆ ಅಂದರೆ ಗಾಬರಿಯಾಗುತ್ತಾರೆ. ಮಾಂಸದೊಳಗೆ ಸುಮ್ಮನೆ ಕೂತ ಗುಂಡನ್ನು ಹುಡುಕಿ ಕೆದಕಿದರೆ ಹಾನಿಯೇ ಜಾಸ್ತಿ. ಅಮೆರಿಕದ ಇನ್ನೊಬ್ಬ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ 1881ರ ಜುಲೈ 2ರಂದು ಗುಂಡು ಬಿತ್ತು. ವೈದ್ಯರು ತೊಳೆಯದ ಕೈಯಿಂದ ಗಾಯದೊಳಗೆ ಗುಂಡು ಹುಡುಕಿದರು. ಸೋಂಕು ಏರಿ ಅವರು ಸೆಪ್ಟೆಂಬರ್ 19ರಂದು ತೀರಿಕೊಂಡರು. ಗುಂಡು ಕೀಲಿನೊಳಗೆ, ಬೆನ್ನುಹುರಿಯ ಜಾಗದಲ್ಲಿ ಅಥವಾ ರಕ್ತನಾಳದೊಳಗೆ ಸಿಕ್ಕಿಕೊಂಡಿದ್ದರೆ ತೆಗೆಯುತ್ತೇವೆ. ಕೀಲಿನ ದ್ರವದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ಉಳಿದವರಿಗೆ ಎಕ್ಸ್‌ರೇ ಕೈಗೆ ಕೊಟ್ಟು, ಮುಂದೆ ಎಂಆರ್‌ಐ ಮಾಡಿಸುವಾಗ ಅಲ್ಲಿಯವರಿಗೆ ಮೊದಲೇ ತೋರಿಸಿ ಅಂತ ಹೇಳಿ ಕಳಿಸುತ್ತೇವೆ.