ಕುದಿಯುವ ನೀರಿನಲ್ಲೂ ಈ ಪ್ರೋಟೀನ್‌ಗಳು ಯಾಕೆ ಕೆಡುವುದಿಲ್ಲ?

ಪ್ರಶ್ನೆ: ಬಿಸಿ ಜಾಸ್ತಿಯಾದರೆ ಪ್ರೋಟೀನ್ ಆಕಾರ ಕಳೆದುಕೊಂಡು ಕೆಡುತ್ತದೆ ಅಂತ ಓದಿದ್ದೇನೆ. ಹಾಗಿದ್ದರೆ ಬಿಸಿನೀರಿನ ಬುಗ್ಗೆಗಳಲ್ಲಿರುವ ಸೂಕ್ಷ್ಮಜೀವಿಗಳು ಬದುಕುವುದು ಹೇಗೆ? ಅವುಗಳ ಪ್ರೋಟೀನ್ ಬೇರೆ ಯಾವುದಾದರೂ ವಸ್ತುವಿನಿಂದ ಆಗಿದೆಯೇ?

ಉತ್ತರ: ಇಲ್ಲ, ವಸ್ತು ಅದೇ. ನಮ್ಮ ಪ್ರೋಟೀನ್‌ಗಳಲ್ಲಿರುವ 20 ಬಗೆಯ ಅಮೈನೋ ಆಮ್ಲಗಳೇ ಅವುಗಳಲ್ಲೂ ಇವೆ. ಬೇರೆಯಾಗಿರುವುದು ಯಾವ ಅಮೈನೋ ಆಮ್ಲ ಎಲ್ಲಿ ಕೂತಿದೆ ಅನ್ನುವುದು, ಅಷ್ಟೇ. ಅಷ್ಟರಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಆಗುತ್ತದಾ ಅನಿಸುತ್ತದೆ, ಅಲ್ವಾ? ಆಗುತ್ತದೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ನೀರಿಗೆ ಸೇರದ ಭಾಗಗಳು ಒಳಗೆ ಸೇರಿಕೊಳ್ಳುತ್ತವೆ, ಅಲ್ಲಲ್ಲಿ ಹೈಡ್ರೋಜನ್ ಬಂಧಗಳು ಹಿಡಿದುಕೊಳ್ಳುತ್ತವೆ. ಇನ್ನೊಂದು ಕಡೆ ಸರಪಳಿ ಬಿಚ್ಚಿಕೊಂಡು ಮನಬಂದಂತೆ ಅಲ್ಲಾಡಲು ನೋಡುತ್ತಿರುತ್ತದೆ. ಬಿಸಿ ಏರಿದಷ್ಟೂ ಈ ಎಳೆತಕ್ಕೆ ಬಲ ಬರುತ್ತದೆ.

ಈ ಎರಡರ ನಡುವಿನ ಅಂತರ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ. ಮಡಚಿದ ಸ್ಥಿತಿಗೆ ಸಿಗುವ ಅನುಕೂಲ ಸಾಮಾನ್ಯವಾಗಿ ಒಂದು ಮೋಲ್‌ಗೆ 20ರಿಂದ 60 ಕಿಲೋಜೌಲ್, ಅಂದರೆ ಬೆರಳೆಣಿಕೆಯಷ್ಟು ದುರ್ಬಲ ಬಂಧಗಳ ಶಕ್ತಿ. ಒಳಗೆ ನೂರಾರು ಬಂಧಗಳಿದ್ದರೂ ಕೂಡಿ ಕಳೆದ ಮೇಲೆ ಉಳಿಯುವುದು ಇಷ್ಟೇ. ಹಾಗಾಗಿ ನಾಲ್ಕಾರು ಒಳ್ಳೆಯ ಬಂಧಗಳು ಸೇರಿದರೂ ಪ್ರೋಟೀನ್ ತಡೆಯುವ ಬಿಸಿ ಸಾಕಷ್ಟು ಮೇಲೇರಬಹುದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇಟಲಿಯ ವಲ್ಕಾನೋ ದ್ವೀಪದ ಬಿಸಿ ಸಮುದ್ರತಳದಲ್ಲಿ ಸಿಕ್ಕ ಪೈರೋಕಾಕಸ್ ಫ್ಯೂರಿಯೋಸಸ್ ಅನ್ನುವ ಜೀವಿ 100 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದರ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಕಿಣ್ವ (ಕಿಣ್ವ ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನ್) ಆರು ತುಂಡುಗಳು ಸೇರಿ ಆದದ್ದು. ತಂಪಿನಲ್ಲಿ ಬದುಕುವ ಬ್ಯಾಕ್ಟೀರಿಯಾದಲ್ಲೂ ಇದೇ ಕಿಣ್ವ ಇದೆ, ಒಟ್ಟಾರೆ ಆಕಾರವೂ ಒಂದೇ ಥರ. ಆದರೆ ಪೈರೋಕಾಕಸ್‌ನಲ್ಲಿ ತುಂಡುಗಳು ಕೂಡುವ ಕಡೆ ಪ್ಲಸ್ ಚಾರ್ಜ್ ಮತ್ತು ಮೈನಸ್ ಚಾರ್ಜ್ ಇರುವ ಅಮೈನೋ ಆಮ್ಲಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಜಾಲವನ್ನೇ ಮಾಡಿವೆ. ಅತಿ ದೊಡ್ಡ ಜಾಲದಲ್ಲಿ 18 ಅಮೈನೋ ಆಮ್ಲಗಳಿವೆ. ತಂಪಿನ ಬ್ಯಾಕ್ಟೀರಿಯಾದ ಕಿಣ್ವದಲ್ಲಿ ಇಂಥ ಜೋಡಿಗಳು ಚಿಕ್ಕವು, ಚದುರಿದವು.

ಚಾರ್ಜ್‌ಗಳೇ ಯಾಕೆ? ಮಾಮೂಲಿ ಉಷ್ಣತೆಯಲ್ಲಿ ಚಾರ್ಜ್ ಇರುವ ಗುಂಪನ್ನು ನೀರಿನ ಅಣುಗಳು ಗಟ್ಟಿಯಾಗಿ ಸುತ್ತಿಕೊಂಡಿರುತ್ತವೆ. ಅವನ್ನು ಬಿಡಿಸಿ ಎರಡು ಚಾರ್ಜ್‌ಗಳನ್ನು ಜೋಡಿಸಲು ಶಕ್ತಿ ಖರ್ಚಾಗುತ್ತದೆ. ಹೀಗಾಗಿ ಲಾಭ ಹೆಚ್ಚೇನೂ ಉಳಿಯುವುದಿಲ್ಲ. ನೀರು ಬಿಸಿಯಾದಾಗ ಆ ಹಿಡಿತ ಸಡಿಲವಾಗುತ್ತದೆ, ಖರ್ಚೂ ತಗ್ಗುತ್ತದೆ. ತಂಪಿನಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಜೋಡಿ ಬಿಸಿಯಲ್ಲಿ ನಿಜವಾದ ಆಸರೆಯಾಗುತ್ತದೆ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದೇ.

ಬೇರೆ ಉಪಾಯಗಳೂ ಇವೆ. ಕೆಲವು ಪ್ರೋಟೀನ್‌ಗಳ ಒಳಭಾಗ ಇನ್ನಷ್ಟು ಒತ್ತಾಗಿರುತ್ತದೆ. ಕೆಲವದರಲ್ಲಿ ಹೊರಗೆ ಚಾಚಿದ ಕುಣಿಕೆಗಳು ಗಿಡ್ಡ. ಸರಪಳಿ ಹೆಚ್ಚು ಬಾಗದಂತೆ ತಡೆಯುವ ಪ್ರೋಲೀನ್ ಅನ್ನುವ ಅಮೈನೋ ಆಮ್ಲ ಸರಿಯಾದ ಜಾಗದಲ್ಲಿ ಕೂತಿರುತ್ತದೆ. ಬಿಸಿಗೆ ತಾನೇ ರಾಸಾಯನಿಕವಾಗಿ ಕೆಡುವ ಆಸ್ಪರಜೀನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಹಲವು ಕಡೆ ಕಡಿಮೆ. ಎಲ್ಲ ಪ್ರೋಟೀನ್‌ಗೂ ಒಂದೇ ಸೂತ್ರ ಹುಡುಕುವುದು ಸುಮ್ನೆ ವ್ಯರ್ಥ. ಒಂದೊಂದೂ ತನ್ನದೇ ದಾರಿ ಹಿಡಿದಿದೆ.

ಇದಕ್ಕೆ ಬೆಲೆಯೂ ಇದೆ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾವನ್ನು ತಂದರು. ಅದರ ಟ್ಯಾಕ್ ಪಾಲಿಮರೇಸ್ ಕಿಣ್ವ ಪಿಸಿಆರ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ 95 ಡಿಗ್ರಿಗೆ ಕಾಯಿಸಿದರೂ ಉಳಿಯುತ್ತದೆ, 72 ಡಿಗ್ರಿ ಆಸುಪಾಸಿನಲ್ಲಿ ಚುರುಕಾಗಿ ಡಿಎನ್ಎ ನಕಲು ಮಾಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಮಾತ್ರ ತೀರಾ ನಿಧಾನ. ಕೆಲಸ ಮಾಡಲು ಕಿಣ್ವ ಸ್ವಲ್ಪ ಬಳುಕಬೇಕು. ಬಿಸಿಗೆಂದೇ ಬಿಗಿಯಾಗಿರುವ ಕಿಣ್ವ ತಂಪಿನಲ್ಲಿ ಅಷ್ಟು ಬಳುಕುವುದಿಲ್ಲ.

ಆದರೆ ಗಟ್ಟಿತನ ಬೇಕೆಂದರೆ ಚುರುಕು ಬಿಡಲೇಬೇಕು ಅಂತೇನಿಲ್ಲ. 1998ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪ್ರೋಟೀನ್ ಕತ್ತರಿಸುವ ಒಂದು ಕಿಣ್ವದಲ್ಲಿ 300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಪೈಕಿ ಬರೀ 8 ಬದಲಿಸಿದರು. ಅದು 100 ಡಿಗ್ರಿಯನ್ನೂ ತಡೆಯಿತು, 37 ಡಿಗ್ರಿಯಲ್ಲಿ ಮೊದಲಿನ ಚುರುಕನ್ನೂ ಬಿಡಲಿಲ್ಲ. ಬಿಸಿ ಬುಗ್ಗೆಯ ಕಿಣ್ವಗಳು ತಂಪಿನಲ್ಲಿ ನಿಧಾನವಾಗಿರಲು ಇನ್ನೂ ಸರಳ ಕಾರಣವಿರಬಹುದು: ತಂಪಿನಲ್ಲಿ ಚುರುಕಾಗಿರುವ ಅಗತ್ಯವೇ ಅವಕ್ಕೆ ಬರಲಿಲ್ಲ.